ಪ್ರಧಾನಿಯನ್ನು ಕೊಂದವರ ಪರ ಲಕ್ಷ ಲಕ್ಷ ಸಹಿ: ಯುದ್ಧಕ್ಕೆ ಮುಂಚಿನ ಜಪಾನ್ ಬಗ್ಗೆ ನಿಮ್ಮ ಪ್ರಶ್ನೆಗಳು

ಕಳೆದ ಸಂಚಿಕೆಯಲ್ಲಿ 1936ರ ಫೆಬ್ರವರಿ 26ರಂದು ಟೋಕಿಯೋದಲ್ಲಿ ನಡೆದ ಸೇನಾ ದಂಗೆಯ ಬಗ್ಗೆ ಬರೆದಿದ್ದೆ. ಓದದವರಿಗಾಗಿ ಎರಡು ಮಾತು. ಹಿಮ ಬಿದ್ದಿದ್ದ ಆ ಬೆಳಗಿನ ಜಾವ ಕೆಲವು ಕಿರಿಯ ಸೇನಾಧಿಕಾರಿಗಳು ಸುಮಾರು 1,500 ಸೈನಿಕರನ್ನು ಕರೆದುಕೊಂಡು ಬ್ಯಾರಕ್‌ನಿಂದ ಹೊರಟರು. ಹಣಕಾಸು ಸಚಿವ ತಕಹಾಶಿ ಕೊರೆಕಿಯೊ, ಮಾಜಿ ಪ್ರಧಾನಿ ಸೈಟೊ ಮಕೊಟೊ, ಜನರಲ್ ವತನಾಬೆ ಜೋತಾರೊ, ಈ ಮೂವರನ್ನೂ ಅವರವರ ಮನೆಗೇ ನುಗ್ಗಿ ಕೊಂದರು. ಪ್ರಧಾನಿ ಒಕಾಡ ಕೆಸುಕೆ ಎಂದುಕೊಂಡು ಅವರ ತಂಗಿಯ ಗಂಡನನ್ನು ಕೊಂದರು. ನಾಲ್ಕು ದಿನ ರಾಜಧಾನಿಯ ನಡುಭಾಗ ಅವರ ಕೈಯಲ್ಲಿತ್ತು. ಚಕ್ರವರ್ತಿ ಹಿರೊಹಿಟೊ ಸ್ವತಃ ಸಿಟ್ಟಾಗಿ, ಇವರನ್ನು ಅಡಗಿಸಲೇಬೇಕು ಎಂದು ಪಟ್ಟು ಹಿಡಿದ ಮೇಲೆ ದಂಗೆ ಮುರಿಯಿತು.

ಆಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವರು ಕೇಳಿದ್ದು ಒಂದೇ ವಿಷಯ. ಆಗ ಜನ ಏನು ಮಾಡುತ್ತಿದ್ದರು? ಸರಿಯಾದ ಪ್ರಶ್ನೆ ಇದು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಜಪಾನಿನ ಜನರಿಗೆ ನಿಜವಾಗಿ ಯುದ್ಧ ಬೇಕಿತ್ತಾ? ಅಥವಾ ಸೇನೆ ಸುಳ್ಳು ಹೇಳಿ ಅವರನ್ನು ಎಳೆದುಕೊಂಡು ಹೋಯಿತಾ? – ದಾವಣಗೆರೆಯ ಓದುಗರು

ಸುಳ್ಳು ಹೇಳಿದ್ದು ನಿಜ. 1931ರ ಸೆಪ್ಟೆಂಬರ್ 18ರ ರಾತ್ರಿ ಚೀನಾದ ಈಶಾನ್ಯ ಭಾಗವಾದ ಮಂಚೂರಿಯಾದ ಮುಕ್ಡೆನ್ ಹತ್ತಿರ ಜಪಾನ್ ಒಡೆತನದ ರೈಲು ಹಳಿಯ ಮೇಲೆ ಒಂದು ಸಣ್ಣ ಸ್ಫೋಟ ಆಯಿತು. ಎಷ್ಟು ಸಣ್ಣದೆಂದರೆ ಸ್ವಲ್ಪ ಹೊತ್ತಿನಲ್ಲೇ ಒಂದು ರೈಲು ಅದೇ ಹಳಿಯ ಮೇಲೆ ಹಾದುಹೋಯಿತು. ಅದನ್ನು ಮಾಡಿಸಿದ್ದು ಅಲ್ಲಿದ್ದ ಜಪಾನಿನ ಕ್ವಾನ್‌ತುಂಗ್ ಸೇನೆಯ ಅಧಿಕಾರಿಗಳೇ. ಇಶಿವಾರ ಕಾಂಜಿ ಮತ್ತು ಇತಗಾಕಿ ಸೈಶಿರೊ ಅದರ ಮುಖ್ಯ ಸೂತ್ರಧಾರರು. ಚೀನೀಯರು ಮಾಡಿದರು ಎಂದು ಹೇಳಿ ದಾಳಿ ಶುರುಮಾಡಿದರು. ಟೋಕಿಯೋದಲ್ಲಿ ಪ್ರಧಾನಿ ವಕತ್ಸುಕಿ ಮತ್ತು ವಿದೇಶಾಂಗ ಸಚಿವ ಶಿದೆಹಾರ ಇದನ್ನು ಇಲ್ಲಿಗೇ ನಿಲ್ಲಿಸೋಣ ಎಂದರು. ಸೇನೆ ಕೇಳಲಿಲ್ಲ. ಕೊರಿಯಾದಲ್ಲಿದ್ದ ಪಡೆ ಚಕ್ರವರ್ತಿಯ ಅಪ್ಪಣೆಗೂ ಕಾಯದೆ ಗಡಿ ದಾಟಿತು, ಆಮೇಲೆ ಸರ್ಕಾರ ಅದರ ಖರ್ಚಿಗೆ ಒಪ್ಪಿಗೆ ಕೊಟ್ಟಿತು. ಸ್ಫೋಟದ ನಿಜ ಜಪಾನಿನ ಜನರಿಗೆ ಗೊತ್ತಾಗಿದ್ದು ಯುದ್ಧ ಮುಗಿದ ಮೇಲೆ.

ಆದರೆ ಇಷ್ಟಕ್ಕೇ ನಿಲ್ಲಿಸಿ, ಪಾಪ, ಜನ ಮೋಸ ಹೋದರು ಎಂದುಬಿಟ್ಟರೆ ಅರ್ಧ ಕಥೆ ಬಿಟ್ಟಂತೆ. ಆ ಸುಳ್ಳನ್ನು ಜನ ಎಷ್ಟು ಬೇಗ, ಎಷ್ಟು ಖುಷಿಯಿಂದ ತಮ್ಮದು ಮಾಡಿಕೊಂಡರು ಅನ್ನುವುದನ್ನೂ ನೋಡಬೇಕು. 1904–05ರಲ್ಲಿ ರಷ್ಯಾ ಜೊತೆ ಮಂಚೂರಿಯಾದಲ್ಲಿ ಕಾದಾಡಿದ ನೆನಪು ಮನೆಮನೆಯಲ್ಲಿತ್ತು. ಒಂದು ಲಕ್ಷ ಪ್ರಾಣ, 200 ಕೋಟಿ ಯೆನ್ ಸುರಿದು ಪಡೆದ ನೆಲ ಅದು ಎನ್ನುವ ಮಾತು ಎಲ್ಲರ ಬಾಯಲ್ಲಿತ್ತು. ಮಂಚೂರಿಯಾ ನಮ್ಮ ಜೀವನಾಡಿ ಎಂದು ಸಂಸದ ಮತ್ಸುಒಕ ಯೋಸುಕೆ ಅದೇ ವರ್ಷದ ಆರಂಭದಲ್ಲಿ ಪಾರ್ಲಿಮೆಂಟಿನಲ್ಲಿ ಹೇಳಿದ್ದರು.

ಪತ್ರಿಕೆಗಳ ವಿಷಯಕ್ಕೆ ಬಂದರೆ ನನಗೆ ಈಗಲೂ ಬೇಜಾರಾಗುತ್ತದೆ. ಒಸಾಕ ಅಸಾಹಿ ಪತ್ರಿಕೆ ಅಲ್ಲಿಯವರೆಗೆ ಸೇನೆಯನ್ನು ನೇರವಾಗಿ ಟೀಕಿಸುತ್ತಿತ್ತು, ಸೇನಾ ವೆಚ್ಚ ಕಡಿಮೆ ಮಾಡಿ ಎನ್ನುತ್ತಿತ್ತು. ಮಂಚೂರಿಯಾ ಶುರುವಾದ ಮೇಲೆ ಮಾಜಿ ಸೈನಿಕರ ಸಂಘಗಳು ಆ ಪತ್ರಿಕೆ ಕೊಳ್ಳಬೇಡಿ ಎಂದು ಪ್ರಚಾರ ಮಾಡಿದವು. ಪೈಪೋಟಿಯಲ್ಲಿದ್ದ ಮೈನಿಚಿ ಮೊದಲೇ ಸೇನೆಯ ಪರ ಇತ್ತು. ಅಕ್ಟೋಬರ್ ಹೊತ್ತಿಗೆ ಅಸಾಹಿಯ ಹಿರಿಯರೆಲ್ಲ ಸೇರಿ ಇನ್ನು ಸೇನೆಯನ್ನು ಬೆಂಬಲಿಸುವುದು ಎಂದು ತೀರ್ಮಾನ ಮಾಡಿದರು. ಆಗಿನ್ನೂ ಯಾರೂ ಬಂದು ಅಚ್ಚುಮನೆಗೆ ಬೀಗ ಹಾಕಿರಲಿಲ್ಲ. ಮಾರಾಟ ಕಡಿಮೆಯಾಗುವ ಭಯ, ದೇಶದ್ರೋಹಿ ಅನ್ನಿಸಿಕೊಳ್ಳುವ ಭಯ, ಜೊತೆಗೆ ತಮ್ಮದೇ ದೇಶಾಭಿಮಾನ, ಇಷ್ಟೇ ಸಾಕಾಯಿತು. ಆಮೇಲೆ ಎರಡೂ ಪತ್ರಿಕೆಗಳು ವಿಮಾನದಲ್ಲಿ ಫೋಟೋ ತರಿಸಿ, ದಿನಕ್ಕೊಂದು ವಿಶೇಷ ಸಂಚಿಕೆ ಹಾಕಿ, ಊರೂರಲ್ಲಿ ಯುದ್ಧದ ಸುದ್ದಿಚಿತ್ರ ತೋರಿಸಿ ಪೈಪೋಟಿಗೆ ಬಿದ್ದವು. ಬಿಸಿಬಿಸಿ ಸುದ್ದಿಗಾಗಿ ಜನ ರೇಡಿಯೋ ತರಿಸಿದರು. 1932ರ ಫೆಬ್ರವರಿಯಲ್ಲಿ ರೇಡಿಯೋ ಲೈಸೆನ್ಸ್ ಪಡೆದವರ ಸಂಖ್ಯೆ 10 ಲಕ್ಷ ದಾಟಿತು.

ಅದೇ ತಿಂಗಳು ಚೀನಾದ ಶಾಂಘೈನಲ್ಲಿ ನಡೆದ ಕಾಳಗದಲ್ಲಿ ಜಪಾನಿನ ಮೂವರು ಸೈನಿಕರು ಮುಳ್ಳುತಂತಿ ಬೇಲಿ ಒಡೆಯಲು ಸಿಡಿಮದ್ದಿನ ಕೊಳವೆ ಹೊತ್ತು ಓಡಿ ಸತ್ತರು. ಬೇಕೆಂದೇ ಪ್ರಾಣ ಕೊಟ್ಟರು ಎಂದು ಪತ್ರಿಕೆಗಳು ಬರೆದವು. ಕೆಲವೇ ವಾರಗಳಲ್ಲಿ ಅವರ ಮೇಲೆ ಸಿನಿಮಾ, ನಾಟಕ ಎಲ್ಲ ಬಂದವು. ಮನೆಯವರಿಗೆ ಎಲ್ಲ ಕಡೆಯಿಂದ ಹಣ ಹರಿದು ಬಂತು. ಪತ್ರಿಕೆಗಳು ಹಾಡು ಬರೆಯುವ ಸ್ಪರ್ಧೆ ಇಟ್ಟವು. ಮೈನಿಚಿ ಸ್ಪರ್ಧೆಯಲ್ಲಿ ಗೆದ್ದವರು ಯಾರು ಗೊತ್ತಾ? ಹಿರಿಯ ಕವಿ ಯೊಸಾನೊ ತೆಕ್ಕಾನ್. ಇವರ ಹೆಂಡತಿ ಯೊಸಾನೊ ಅಕಿಕೊ ರಷ್ಯಾ ಯುದ್ಧದ ಹೊತ್ತಿನಲ್ಲಿ, ಯುದ್ಧಕ್ಕೆ ಹೋದ ತಮ್ಮನಿಗೆ ನೀನು ಸಾಯಬೇಡ ಎಂದು ಕವಿತೆ ಬರೆದು ಬೈಗುಳ ತಿಂದಿದ್ದವರು. ಒಂದೇ ಮನೆಯಲ್ಲಿ ಮೂವತ್ತು ವರ್ಷದೊಳಗೆ ಗಾಳಿ ಹೀಗೆ ತಿರುಗಿತ್ತು.

ನಾನು ರೇಷ್ಮೆ ಬೆಳೆಗಾರ. ಆ ಕಾಲದಲ್ಲಿ ಜಪಾನಿನ ರೈತರು ಸೇನೆಯ ಪರ ಯಾಕೆ ಇದ್ದರು? – ರಾಮನಗರದ ಓದುಗರು

ನಿಮ್ಮ ಕಸುಬಿನಲ್ಲೇ ಉತ್ತರದ ಒಂದು ದೊಡ್ಡ ಭಾಗ ಇದೆ. 1920ರ ದಶಕದ ಕೊನೆಗೆ ಜಪಾನಿನ ರೈತ ಕುಟುಂಬಗಳಲ್ಲಿ ಸುಮಾರು ನೂರಕ್ಕೆ 40ರಷ್ಟು ಮನೆಗಳಲ್ಲಿ ರೇಷ್ಮೆಹುಳು ಸಾಕುತ್ತಿದ್ದರು. ನೂಲು ಹೆಚ್ಚಾಗಿ ಹೋಗುತ್ತಿದ್ದುದು ಅಮೆರಿಕಕ್ಕೆ. 1929ರಲ್ಲಿ ಅಮೆರಿಕದ ಷೇರುಪೇಟೆ ಬಿದ್ದಾಗ ಕೊಳ್ಳುವವರೇ ಇಲ್ಲವಾದರು. ಅದೇ ಹೊತ್ತಿಗೆ ಸರ್ಕಾರ 1930ರ ಜನವರಿಯಲ್ಲಿ ಯೆನ್ನನ್ನು ಹಳೆಯ ಬೆಲೆಗೇ ಮತ್ತೆ ಚಿನ್ನಕ್ಕೆ ಕಟ್ಟಿತು, ಜಪಾನಿನ ಸರಕು ಇನ್ನೂ ದುಬಾರಿಯಾಯಿತು. ಗೂಡಿನ ಬೆಲೆ ನೆಲಕಚ್ಚಿತು. ಆ ವರ್ಷ ಭತ್ತ ಚೆನ್ನಾಗಿ ಬೆಳೆದು ಅದರ ಬೆಲೆಯೂ ಬಿತ್ತು. ಮರುವರ್ಷ ಈಶಾನ್ಯದ ತೊಹೊಕು ಸೀಮೆಯಲ್ಲಿ ಚಳಿಗೆ ಬೆಳೆಯೇ ಹೋಯಿತು, 1934ರಲ್ಲಿ ಮತ್ತೊಮ್ಮೆ. ಮಕ್ಕಳು ಹಸಿ ಮೂಲಂಗಿ ಕಡಿಯುವ ಫೋಟೋಗಳು, ಹೆಣ್ಣುಮಕ್ಕಳನ್ನು ಸಾಲಕ್ಕೆ ಬದಲಾಗಿ ವೇಶ್ಯಾಗೃಹಗಳಿಗೆ ಕಳಿಸಿದ ಸುದ್ದಿಗಳು ಪತ್ರಿಕೆಯಲ್ಲಿ ಬಂದವು.

ಸೈನ್ಯಕ್ಕೆ ಬರುತ್ತಿದ್ದ ಹುಡುಗರು ಇದೇ ಹಳ್ಳಿಗಳವರು. ತನ್ನ ಕೈಕೆಳಗಿನ ಸೈನಿಕನ ಅಕ್ಕತಂಗಿಯರು ಮಾರಾಟವಾಗಿದ್ದಾರೆ ಎಂದು ತಿಳಿದ ಕಿರಿಯ ಅಧಿಕಾರಿಗೆ ಟೋಕಿಯೋದ ರಾಜಕಾರಣಿಗಳ ಮೇಲೆ, ಮಿತ್ಸುಯಿಯಂಥ ದೊಡ್ಡ ಕಂಪನಿಗಳ ಮೇಲೆ ಬೆಂಕಿಯಂಥ ಸಿಟ್ಟು ಬಂತು. 1931ರ ಕೊನೆಗೆ, ಯೆನ್ ಬೆಲೆ ಬೀಳುತ್ತದೆ ಎಂದು ಮೊದಲೇ ಲೆಕ್ಕ ಹಾಕಿ ಮಿತ್ಸುಯಿಯವರು ಡಾಲರ್ ಕೊಂಡಿಟ್ಟರು ಅನ್ನುವ ಗುಲ್ಲು ಎದ್ದಿತ್ತು. ಈ ಸಿಟ್ಟಿನಲ್ಲಿ ನ್ಯಾಯ ಇರಲಿಲ್ಲ ಎಂದು ನಾನು ಹೇಳಲಾರೆ. ಹಸಿವು ಸುಳ್ಳಲ್ಲ. ಆದರೆ ಹಸಿದವರಿಗೆ ಕೊಟ್ಟ ಉತ್ತರ ಏನು? ಮಂಚೂರಿಯಾಗೆ ಹೋಗಿ, ಅಲ್ಲಿ ಬೇಕಾದಷ್ಟು ಭೂಮಿ ಇದೆ ಎಂದು. ರೇಷ್ಮೆಯನ್ನೇ ನಂಬಿದ್ದ ನಾಗಾನೊ ಪ್ರಾಂತ್ಯದಿಂದ ಬೇರೆ ಯಾವ ಪ್ರಾಂತ್ಯಕ್ಕಿಂತಲೂ ಜಾಸ್ತಿ ಜನ ವಲಸೆ ಹೋದರು. ಅವರಿಗೆ ಸಿಕ್ಕ ನೆಲದಲ್ಲಿ ಬಹಳಷ್ಟು, ಚೀನೀ ರೈತರಿಂದ ಕಡಿಮೆ ಬೆಲೆಗೆ ಬಲವಂತವಾಗಿ ಕಿತ್ತುಕೊಂಡದ್ದು. 1945ರಲ್ಲಿ ಸೋವಿಯತ್ ಸೇನೆ ಬಂದಾಗ ಈ ವಲಸಿಗರನ್ನು ಕಾಯಬೇಕಿದ್ದ ಸೇನೆ ಅವರನ್ನು ಬಿಟ್ಟು ಹಿಂದೆ ಸರಿಯಿತು. ಸಾವಿರಾರು ಹೆಂಗಸರು, ಮಕ್ಕಳು ದಾರಿಯಲ್ಲೇ ಸತ್ತರು.

ನಮ್ಮ ಕಡೆಗೂ ಅದರ ಬಿಸಿ ತಟ್ಟಿತ್ತು. ಯೆನ್ ಬೆಲೆ ಇಳಿದ ಮೇಲೆ ಜಪಾನಿನ ಅಗ್ಗದ ರೇಷ್ಮೆ ಭಾರತದ ಪೇಟೆಗೆ ಬಂದು ಮೈಸೂರು ಸಂಸ್ಥಾನದ ಬೆಳೆಗಾರರು ನಲುಗಿಹೋದರು.

1932ರಲ್ಲಿ ಪ್ರಧಾನಿಯನ್ನೇ ಕೊಂದವರಿಗೆ ಮರಣದಂಡನೆ ಆಗಲಿಲ್ಲವಂತೆ. ಕಾನೂನು ಓದುವವಳಾಗಿ ನನಗೆ ಇದು ಅರ್ಥವೇ ಆಗುತ್ತಿಲ್ಲ. – ಮೈಸೂರಿನ ವಿದ್ಯಾರ್ಥಿನಿ

ನಿಮ್ಮ ಪ್ರಶ್ನೆಯೇ ಈ ಇಡೀ ಕಥೆಯ ತಿರುಳು ಎಂದು ನನ್ನ ನಂಬಿಕೆ. ಸ್ವಲ್ಪ ಉದ್ದ ಬರೆಯುತ್ತೇನೆ.

ಕೊಲೆಗಳು ಅದಕ್ಕೂ ಮೊದಲೇ ಶುರುವಾಗಿದ್ದವು. ಯುದ್ಧನೌಕೆಗಳಿಗೆ ಮಿತಿ ಹಾಕುವ ಲಂಡನ್ ನೌಕಾ ಒಪ್ಪಂದಕ್ಕೆ ಒಪ್ಪಿದ ಪ್ರಧಾನಿ ಹಮಗುಚಿ ಒಸಾಚಿ ಮೇಲೆ 1930ರ ನವೆಂಬರ್‌ನಲ್ಲಿ ಟೋಕಿಯೋ ರೈಲು ನಿಲ್ದಾಣದಲ್ಲೇ ಗುಂಡು ಹಾರಿತು, ಮರುವರ್ಷ ಅವರು ತೀರಿಕೊಂಡರು. 1932ರ ಫೆಬ್ರವರಿಯಲ್ಲಿ ಮಾಜಿ ಹಣಕಾಸು ಸಚಿವ ಇನೊಯೆ ಜುನ್ನೊಸುಕೆ, ಮಾರ್ಚ್‌ನಲ್ಲಿ ಮಿತ್ಸುಯಿ ಮುಖ್ಯಸ್ಥ ದಾನ್ ತಕುಮ ಕೊಲೆಯಾದರು. ಮೇ 15ರ ಭಾನುವಾರ ನೌಕಾಪಡೆಯ ಯುವ ಅಧಿಕಾರಿಗಳು, ಭೂಸೇನೆಯ ಕೆಡೆಟ್‌ಗಳು ಪ್ರಧಾನಿಯ ಮನೆಗೆ ನುಗ್ಗಿದರು. ಪ್ರಧಾನಿ ಇನುಕಾಯಿ ತ್ಸುಯೋಶಿಗೆ ಆಗ 76 ವರ್ಷ. ಚೀನಾದ ಕ್ರಾಂತಿ ನಾಯಕ ಸನ್ ಯಾತ್ ಸೆನ್‌ಗೆ ಕಷ್ಟಕಾಲದಲ್ಲಿ ಆಸರೆ ಕೊಟ್ಟಿದ್ದ ಮನುಷ್ಯ. ಕೂತು ಮಾತಾಡಿದರೆ ಅರ್ಥವಾಗುತ್ತದೆ ಎಂದು ಅವರು ಹೇಳಿದರು, ಮಾತು ಬೇಡ ಎಂದು ಹೇಳಿ ನುಗ್ಗಿದವರು ಗುಂಡು ಹೊಡೆದರು.

ವಿಚಾರಣೆ ನಡೆದದ್ದು 1933ರಲ್ಲಿ, ಸೇನೆಯ ನ್ಯಾಯಾಲಯಗಳಲ್ಲಿ, ಎಲ್ಲರಿಗೂ ತಿಳಿಯುವ ಹಾಗೆ. ಆರೋಪಿಗಳಿಗೆ ಬೇಕಾದಷ್ಟು ಹೊತ್ತು ಮಾತಾಡಲು ಬಿಟ್ಟರು. ಅವರು ಇನುಕಾಯಿ ಬಗ್ಗೆ ಹೆಚ್ಚು ಮಾತಾಡಲಿಲ್ಲ. ಹಳ್ಳಿಯ ಹಸಿವು, ಪಕ್ಷಗಳ ಲಂಚ, ಶ್ರೀಮಂತರ ದುರಾಸೆ, ಚಕ್ರವರ್ತಿಗಾಗಿ ತಾವು ಪ್ರಾಣ ಕೊಡಲು ಸಿದ್ಧ, ಇದೇ ಮಾತು. ಪತ್ರಿಕೆಗಳು ಅದನ್ನು ದಿನವೂ ಅಕ್ಷರ ಬಿಡದೆ ಅಚ್ಚು ಹಾಕಿದವು. ಓದಿದವರು ಅತ್ತರು. ಕೆಲಸ ತಪ್ಪು ಇರಬಹುದು, ಮನಸ್ಸು ಶುದ್ಧ ಅಲ್ವಾ ಎನ್ನುವ ಮಾತು ಎಲ್ಲೆಡೆ ಹಬ್ಬಿತು. ಶಿಕ್ಷೆ ಕಡಿಮೆ ಮಾಡಿ ಎಂದು ಕೇಳುವ ಅರ್ಜಿಗಳ ಸಹಿ ಹತ್ತು ಲಕ್ಷ ದಾಟಿತು ಎನ್ನುತ್ತಾರೆ. ರಕ್ತದಲ್ಲಿ ಸಹಿ ಮಾಡಿದವರಿದ್ದರು. ನೀಗಾಟಾ ಕಡೆಯಿಂದ ಕೆಲವರು ತಮ್ಮ ಕಿರುಬೆರಳು ಕತ್ತರಿಸಿ ಜಾಡಿಯಲ್ಲಿ ಹಾಕಿ ಕಳಿಸಿದರು.

ಕೊನೆಗೆ ಒಬ್ಬರಿಗೂ ಮರಣದಂಡನೆ ಆಗಲಿಲ್ಲ. ನೌಕಾಪಡೆಯವರಲ್ಲಿ ಅತಿ ಹೆಚ್ಚು ಅಂದರೆ 15 ವರ್ಷ, ಅದನ್ನೂ ಪೂರ್ತಿ ಅನುಭವಿಸಲಿಲ್ಲ. ಕೆಡೆಟ್‌ಗಳಿಗೆ ನಾಲ್ಕು ನಾಲ್ಕು ವರ್ಷ. ಆದರೆ ಅದೇ ಸಂಚಿನಲ್ಲಿ ಟೋಕಿಯೋದ ವಿದ್ಯುತ್ ಸ್ಥಾವರಗಳ ಮೇಲೆ ಕೈಮಾಡಿದ ಗುಂಪಿನ ನಾಯಕ ತಚಿಬಾನ ಕೊಸಾಬುರೊಗೆ ಜೀವಾವಧಿ ಶಿಕ್ಷೆ. ಯಾಕೆಂದರೆ ಅವರು ಸಮವಸ್ತ್ರ ಇಲ್ಲದ ಸಾಮಾನ್ಯ ಪ್ರಜೆ, ಅವರ ವಿಚಾರಣೆ ಬೇರೆ ಕೋರ್ಟಿನಲ್ಲಿ ನಡೆಯಿತು. ಕಾನೂನು ಓದುವ ನಿಮಗೆ ಇದರ ಅರ್ಥ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಸತ್ತ ಮುದುಕನ ಪರವಾಗಿ ಅಷ್ಟು ಸಹಿ ಯಾರೂ ಹಾಕಲಿಲ್ಲ. ಇದು ನನಗೆ ತುಂಬಾ ನೋವಿನ ವಿಷಯ. ಜನ ಕಲ್ಲು ಹೃದಯದವರಾಗಿದ್ದರಿಂದ ಹೀಗಾಗಲಿಲ್ಲ. ಅವರ ಕರುಣೆ ನಿಜವಾದದ್ದೇ. ಬಡವರ ಹೆಸರು ಹೇಳಿ ಬಂದೂಕು ಎತ್ತಿದವನ ಕಡೆಗೆ ಅದನ್ನು ತಿರುಗಿಸಿದರು ಅಷ್ಟೆ. ಅದರಿಂದ ಇತರ ಕಿರಿಯ ಅಧಿಕಾರಿಗಳು ಕಲಿತ ಪಾಠ ಏನು? ಉದ್ದೇಶ ಒಳ್ಳೆಯದು ಎಂದು ತೋರಿಸಿದರೆ ಕೊಂದರೂ ದೇಶ ನಮ್ಮನ್ನು ಕೈಬಿಡುವುದಿಲ್ಲ ಎಂದು. 1935ರ ಆಗಸ್ಟ್‌ನಲ್ಲಿ ಲೆಫ್ಟಿನೆಂಟ್ ಕರ್ನಲ್ ಐಜಾವಾ ಸಾಬುರೊ ಸೇನಾ ಸಚಿವಾಲಯದ ಒಳಗೇ ಮೇಜರ್ ಜನರಲ್ ನಾಗಾತ ತೆತ್ಸುಜಾನ್‌ರನ್ನು ಕತ್ತಿಯಿಂದ ಕೊಂದ. ಅವನ ವಿಚಾರಣೆಯೂ ಹೀಗೇ ಭಾಷಣದ ವೇದಿಕೆಯಾಯಿತು. ಅದಿನ್ನೂ ಮುಗಿಯುವ ಮೊದಲೇ ಫೆಬ್ರವರಿ 26 ಬಂತು.

ಚಾರ್ಲಿ ಚಾಪ್ಲಿನ್‌ನನ್ನು ಕೊಲ್ಲುವ ಯೋಚನೆಯೂ ಇತ್ತು ಎಂದು ಓದಿದ್ದೆ, ನಿಜವಾ? – ಉಡುಪಿಯ ಓದುಗರು

ನಿಜ. ಮೇ 15ರ ಸಂಚುಗಾರರು ಅದನ್ನೂ ಚರ್ಚಿಸಿದ್ದರು. ಚಾಪ್ಲಿನ್ ಹಿಂದಿನ ದಿನವಷ್ಟೇ ಜಪಾನಿಗೆ ಬಂದಿದ್ದರು. ಕೊಲೆಯ ಹೊತ್ತಿಗೆ ಅವರು ಪ್ರಧಾನಿಯ ಮಗನ ಜೊತೆ ಸುಮೋ ಕುಸ್ತಿ ನೋಡುತ್ತಿದ್ದರು.

ಪಕ್ಷಗಳ ಮೇಲೆ ಜನರಿಗೆ ಅಷ್ಟು ಸಿಟ್ಟಿದ್ದರೆ ಚುನಾವಣೆಯಲ್ಲಿ ಏನಾಯಿತು? – ಕಲಬುರಗಿಯ ಓದುಗರು

ಸಿಟ್ಟಿಗೆ ಕಾರಣ ಇತ್ತು. ಸೆಯುಕಾಯಿ ಪಕ್ಷ ಮಿತ್ಸುಯಿ ಕಡೆ, ಮಿನ್ಸೆಯ್ತೊ ಮಿತ್ಸುಬಿಶಿ ಕಡೆ ಎಂದು ಎಲ್ಲರೂ ಮಾತಾಡುತ್ತಿದ್ದರು. ಲಂಚದ ಪ್ರಕರಣಗಳು ಸಾಲುಸಾಲಾಗಿ ಬಂದವು. ಆದರೆ ಎಲ್ಲವೂ ನಿಜ ಆಗಿರಲಿಲ್ಲ. 1934ರಲ್ಲಿ ತೇಜಿನ್ ಎನ್ನುವ ರೇಯಾನ್ ಕಂಪನಿಯ ಷೇರು ಹಗರಣ ಎಂದು ಪತ್ರಿಕೆಗಳು ಗದ್ದಲ ಎಬ್ಬಿಸಿದವು, ಸೈಟೊ ಮಕೊಟೊ ಸರ್ಕಾರವೇ ಬಿತ್ತು. 1937ರ ಕೊನೆಗೆ ಕೋರ್ಟು 16 ಆರೋಪಿಗಳನ್ನೂ ಬಿಡುಗಡೆ ಮಾಡಿತು. ಅಷ್ಟು ಹೊತ್ತಿಗೆ ಚೀನಾದಲ್ಲಿ ದೊಡ್ಡ ಯುದ್ಧವೇ ನಡೆಯುತ್ತಿತ್ತು.

ಇಷ್ಟಾದರೂ ಮತದಾರರು ಸೇನೆಗೆ ಖಾಲಿ ಚೆಕ್ ಕೊಡಲಿಲ್ಲ. ಇದನ್ನು ತುಂಬಾ ಜನ ಮರೆಯುತ್ತಾರೆ. 1936ರ ಫೆಬ್ರವರಿ 20ರಂದು ಚುನಾವಣೆ ನಡೆಯಿತು. ಪಾರ್ಲಿಮೆಂಟ್ ಸರ್ಕಾರ ಬೇಕಾ, ಫ್ಯಾಸಿಸಂ ಬೇಕಾ ಎಂದು ಮಿನ್ಸೆಯ್ತೊ ಕೇಳಿತು. 466 ಸ್ಥಾನಗಳಲ್ಲಿ 205 ಗೆದ್ದು ದೊಡ್ಡ ಪಕ್ಷವಾಯಿತು. ಸೇನೆಯ ಪರ ವಾಲಿದ್ದ ಸೆಯುಕಾಯಿ ಹೀನಾಯವಾಗಿ ಸೋತಿತು, ಅದರ ಅಧ್ಯಕ್ಷ ಸುಜುಕಿ ಕಿಸಾಬುರೊ ತನ್ನ ಸ್ವಂತ ಸ್ಥಾನವನ್ನೇ ಕಳೆದುಕೊಂಡರು. ಕಾರ್ಮಿಕರ ಪರ ಇದ್ದ ಸಮಾಜವಾದಿ ಪಕ್ಷಕ್ಕೂ 18 ಸ್ಥಾನ ಬಂತು. ಆರು ದಿನ ಕಳೆದ ಮೇಲೆ ದಂಗೆ.

ಬೀದಿಯಲ್ಲಿ ಮಂಚೂರಿಯಾಗೆ ಜೈ, ಮತಪೆಟ್ಟಿಗೆಯಲ್ಲಿ ಸೇನೆಗೆ ಬೇಡ. ಎರಡೂ ಒಂದೇ ಜನರ ಮಾತು. ಮಂಚೂರಿಯಾ ನಮ್ಮದಾಗಲಿ, ಆದರೆ ಇಲ್ಲಿ ಬೆಲೆ ಏರದಿರಲಿ, ಮಗ ಮನೆಗೆ ಬರಲಿ ಎಂದು ಆಸೆಪಟ್ಟವರು ಅವರು. ಒಂದನ್ನು ಒಪ್ಪಿದ ಮೇಲೆ ಇನ್ನೊಂದನ್ನು ತಡೆಯುವ ಶಕ್ತಿ ಅವರ ಕೈಯಲ್ಲಿ ಉಳಿಯಲಿಲ್ಲ.

ದಂಗೆಯ ನಾಲ್ಕು ದಿನ ಟೋಕಿಯೋದ ಸಾಮಾನ್ಯ ಜನ ಏನು ಮಾಡಿದರು? – ಬೆಂಗಳೂರಿನ ಓದುಗರು

ಮೊದಲ ದಿನ ಹೆಚ್ಚಿನವರಿಗೆ ಏನೂ ಗೊತ್ತಿರಲಿಲ್ಲ. ರೇಡಿಯೋ ಸುದ್ದಿ ಕೊಡಲಿಲ್ಲ, ಷೇರುಪೇಟೆ ಮುಚ್ಚಿತು. ದಂಗೆಕೋರರು ಟೋಕಿಯೋ ಅಸಾಹಿ ಕಚೇರಿಗೂ ಹೋಗಿ ಅಚ್ಚಿನ ಮೊಳೆಗಳ ಪೆಟ್ಟಿಗೆಗಳನ್ನು ಉರುಳಿಸಿದ್ದರು. ಸೇನೆಯ ಮೊದಲ ಹೇಳಿಕೆ ಬಂದದ್ದು ರಾತ್ರಿ ಎಂಟರ ಮೇಲೆ. ಅಲ್ಲಿಯವರೆಗೆ ಬಾಯಿಂದ ಬಾಯಿಗೆ ಹರಡಿದ್ದೇ ಸುದ್ದಿ. ಮರುದಿನ ಮಾರ್ಷಲ್ ಲಾ ಬಂತು. ಕುತೂಹಲ ತಡೆಯದ ಜನ ಹಿಮದಲ್ಲೇ ನಿಂತು ತಡೆಬೇಲಿಯ ಆಚೆಗಿನ ಸೈನಿಕರನ್ನು ನೋಡಿದರು.

29ರ ಬೆಳಿಗ್ಗೆ ಸುತ್ತಲಿನ ನಿವಾಸಿಗಳನ್ನು ತೆರವು ಮಾಡಿಸಿದರು, ಟ್ರಾಮ್ ನಿಲ್ಲಿಸಿದರು. ವಿಮಾನದಿಂದ ಕರಪತ್ರ ಬಿತ್ತು. ಈಗಲೂ ತಡವಾಗಿಲ್ಲ, ಬ್ಯಾರಕ್‌ಗೆ ಹಿಂದಿರುಗಿ, ನೀವು ದ್ರೋಹಿಗಳಾಗುತ್ತೀರೆಂದು ನಿಮ್ಮ ಅಪ್ಪ ಅಮ್ಮ ಅಣ್ಣತಮ್ಮಂದಿರು ಅಳುತ್ತಿದ್ದಾರೆ ಎಂದು ಅದರಲ್ಲಿತ್ತು. ಅದೇ ಧಾಟಿಯ ಮನವಿಯನ್ನು ರೇಡಿಯೋದಲ್ಲಿ ನಕಮುರಾ ಶಿಗೆರು ಎಂಬ ಉದ್ಘೋಷಕರು ಓದಿದರು. ಚಕ್ರವರ್ತಿಯ ಆಜ್ಞೆ ಆಗಿದೆ ಎಂದು ಬರೆದ ಜಾಹೀರಾತು ಬಲೂನು ಆಕಾಶಕ್ಕೇರಿತು. ಆ ಸೈನಿಕರಲ್ಲಿ ಬಹಳ ಜನ ಜನವರಿಯಲ್ಲಷ್ಟೇ ಸೇರಿದ ಹುಡುಗರು, ಎಲ್ಲಿಗೆ ಹೊರಟಿದ್ದೇವೆ ಎಂದು ಸರಿಯಾಗಿ ತಿಳಿಯದೆ ಬಂದವರು. ಅವರು ವಾಪಸ್ ಹೋದರು.

ಈ ಸಲ ವಿಚಾರಣೆ ಗುಟ್ಟಾಗಿ ನಡೆಯಿತು. ವಕೀಲರಿಲ್ಲ, ಅಪೀಲಿಲ್ಲ. ಜುಲೈ 12ರಂದು 15 ಜನರನ್ನು ಗುಂಡಿಟ್ಟು ಕೊಂದರು, ಮರುವರ್ಷ ಇನ್ನೂ ನಾಲ್ವರನ್ನು. ಆದರೆ ದಂಗೆ ಸೋತರೂ ಸೇನೆ ಸೋಲಲಿಲ್ಲ. ನಮ್ಮ ಮಾತು ಕೇಳದಿದ್ದರೆ ಹುಡುಗರನ್ನು ತಡೆಯುವುದು ಕಷ್ಟ ಎಂದು ಹಿರಿಯ ಜನರಲ್‌ಗಳು ಎಲ್ಲರನ್ನೂ ಹೆದರಿಸಿದರು. ಸೇವೆಯಲ್ಲಿರುವ ಜನರಲ್‌ಗಳು, ಅಡ್ಮಿರಲ್‌ಗಳು ಮಾತ್ರ ಸೇನಾ ಮತ್ತು ನೌಕಾ ಸಚಿವರಾಗಬೇಕು ಎನ್ನುವ ಹಳೆಯ ನಿಯಮ ಮೇ ತಿಂಗಳಲ್ಲಿ ಮತ್ತೆ ಬಂತು. ಆಮೇಲೆ ತನಗೆ ಬೇಡವಾದ ಸರ್ಕಾರಕ್ಕೆ ಸಚಿವರನ್ನೇ ಕೊಡದಿದ್ದರೆ ಸಾಕು, ಸೇನೆಯ ಕೆಲಸ ಆಗುತ್ತಿತ್ತು. ಸೇನಾ ವೆಚ್ಚಕ್ಕೆ ಕಡಿವಾಣ ಹಾಕುತ್ತಿದ್ದ 81 ವರ್ಷದ ತಕಹಾಶಿಯಂತೂ ಇರಲಿಲ್ಲ.

ಸೇನೆಯ ದರ್ಪ ದಿನನಿತ್ಯದ ಬದುಕಿನಲ್ಲಿ ಕಾಣುತ್ತಿತ್ತಾ? – ಹಾಸನದ ಓದುಗರು

1933ರ ಜೂನ್‌ನಲ್ಲಿ ಒಸಾಕದಲ್ಲಿ ರಜೆಯ ಮೇಲಿದ್ದ ಒಬ್ಬ ಸೈನಿಕ ಕೆಂಪು ದೀಪ ಇದ್ದಾಗ ರಸ್ತೆ ದಾಟಿದ. ಟ್ರಾಫಿಕ್ ಪೊಲೀಸ್ ತಡೆದ, ಇಬ್ಬರಿಗೂ ಕೈಕೈ ಹತ್ತಿತು. ಅಷ್ಟೇ ವಿಷಯ. ಆದರೆ ಇದು ಚಕ್ರವರ್ತಿಯ ಸೇನೆಗೆ ಆದ ಅವಮಾನ, ಪೊಲೀಸರು ಕ್ಷಮೆ ಕೇಳಬೇಕು ಎಂದು ಅಲ್ಲಿನ ಸೇನಾ ವಿಭಾಗ ಪಟ್ಟು ಹಿಡಿಯಿತು. ಸೇನೆ ಚಕ್ರವರ್ತಿಯದಾದರೆ ಪೊಲೀಸರೂ ಚಕ್ರವರ್ತಿಯ ಪೊಲೀಸರೇ ಎಂದು ಪೊಲೀಸ್ ಮುಖ್ಯಸ್ಥ ಅವಾಯಾ ಸೆಂಕಿಚಿ ಉತ್ತರ ಕೊಟ್ಟರು. ಜಗಳ ತಿಂಗಳುಗಟ್ಟಲೆ ಎಳೆದು, ಕೊನೆಗೆ ಚಕ್ರವರ್ತಿಯೇ ವಿಚಾರಿಸಿದ ಮೇಲೆ ರಾಜಿಯಾಯಿತು. ಆಮೇಲೆ ಸಮವಸ್ತ್ರದವರನ್ನು ತಡೆಯಲು ಪೊಲೀಸರು ಹಿಂಜರಿದರು. ಎದುರು ನಿಂತ ಆ ಅವಾಯಾ ಮುಂದೆ ಹಿರೋಶಿಮಾದ ಮೇಯರ್ ಆದರು. 1945ರ ಆಗಸ್ಟ್ 6ರಂದು ಅಣುಬಾಂಬಿಗೆ ಬಲಿಯಾದರು.

ವಿರೋಧಿಸಿದವರು ಒಬ್ಬರೂ ಇರಲಿಲ್ಲವೇ? – ಹುಬ್ಬಳ್ಳಿಯ ಓದುಗರು

ಇದ್ದರು, ಅವರ ಹೆಸರುಗಳನ್ನು ನಾವು ಜಾಸ್ತಿ ಹೇಳಬೇಕು.

ಕಿರ್ಯು ಯೂಯೂ ನಾಗಾನೊದ ಶಿನಾನೊ ಮೈನಿಚಿ ಪತ್ರಿಕೆಯಲ್ಲಿದ್ದರು. 1933ರ ಆಗಸ್ಟ್‌ನಲ್ಲಿ ಟೋಕಿಯೋ ಸುತ್ತ ದೊಡ್ಡ ವಾಯುರಕ್ಷಣಾ ಕವಾಯತು ನಡೆಯಿತು. ಶತ್ರು ವಿಮಾನ ಟೋಕಿಯೋ ಮೇಲೆ ಬಂತೆಂದರೆ ಅಲ್ಲಿಗೇ ನಾವು ಸೋತ ಹಾಗೆ, ಮರದ ಮನೆಗಳ ಊರು ಉರಿದುಹೋಗುತ್ತದೆ, ಈ ಕವಾಯತಿನಿಂದ ಏನೂ ಉಪಯೋಗ ಇಲ್ಲ ಎಂದು ಅವರು ಸಂಪಾದಕೀಯ ಬರೆದರು. ಮಾಜಿ ಸೈನಿಕರ ಸಂಘ ಪತ್ರಿಕೆಯನ್ನೇ ಬಹಿಷ್ಕರಿಸುತ್ತೇವೆ ಎಂದಿತು, ಅವರು ಕೆಲಸ ಬಿಡಬೇಕಾಯಿತು. ನಗೋಯಾ ಕಡೆ ಹೋಗಿ 1941ರಲ್ಲಿ ಸಾಯುವವರೆಗೂ ಒಂದು ಪುಟ್ಟ ಪತ್ರಿಕೆ ನಡೆಸಿದರು. 1945ರ ಮಾರ್ಚ್ 10ರ ಒಂದೇ ರಾತ್ರಿ ಟೋಕಿಯೋದಲ್ಲಿ ಸುಮಾರು ಒಂದು ಲಕ್ಷ ಜನ ಬೆಂಕಿಗೆ ಸತ್ತರು.

ಇಶಿಬಾಶಿ ತಾನ್ಜಾನ್ ತಮ್ಮ ಆರ್ಥಿಕ ಪತ್ರಿಕೆಯಲ್ಲಿ, ವಸಾಹತುಗಳಿಂದ ಲಾಭಕ್ಕಿಂತ ನಷ್ಟವೇ ಹೆಚ್ಚು, ಅವನ್ನು ಬಿಟ್ಟುಬಿಡೋಣ ಎಂದು 1921ರಲ್ಲೇ ಲೆಕ್ಕ ಸಮೇತ ಬರೆದಿದ್ದರು. 1931ರಲ್ಲಿ ಮಂಚೂರಿಯಾ ದಾಳಿ ಶುರುವಾದಾಗಲೂ ಅದನ್ನು ಟೀಕಿಸಿದರು. ಮುಂದೆ 1956ರಲ್ಲಿ ಪ್ರಧಾನಿಯಾದರು. ಸಂವಿಧಾನ ಪಂಡಿತ ಮಿನೊಬೆ ತತ್ಸುಕಿಚಿ, ಚಕ್ರವರ್ತಿಯೂ ರಾಜ್ಯದ ಒಂದು ಅಂಗವೇ ಎಂದು ವರ್ಷಗಟ್ಟಲೆ ಪಾಠ ಹೇಳಿದ್ದವರು. 1935ರಲ್ಲಿ ಅದೇ ದ್ರೋಹ ಎನಿಸಿ ಅವರ ಪುಸ್ತಕಗಳು ನಿಷೇಧವಾದವು, ಮರುವರ್ಷ ಒಬ್ಬ ಮನೆಗೇ ಬಂದು ಗುಂಡು ಹಾರಿಸಿ ಗಾಯಗೊಳಿಸಿದ.

ನನಗೆ ಎಲ್ಲರಿಗಿಂತ ಹತ್ತಿರ ಅನ್ನಿಸುವವರು ಸೈಟೊ ತಕಾವೊ, ಹ್ಯೋಗೊ ಪ್ರಾಂತ್ಯದ ಸಂಸದ. ದಂಗೆ ಮುಗಿದು ಮೂರು ತಿಂಗಳೂ ಆಗಿರಲಿಲ್ಲ. ಎಲ್ಲರೂ ಬಾಯಿ ಮುಚ್ಚಿಕೊಂಡಿದ್ದಾಗ, 1936ರ ಮೇ 7ರಂದು ಪಾರ್ಲಿಮೆಂಟಿನಲ್ಲಿ ಎದ್ದು ನಿಂತು, ಹಿಂದಿನ ಸಂಚುಗಳನ್ನು ಸೇನೆ ಸಡಿಲವಾಗಿ ಬಿಟ್ಟದ್ದೇ ಇದಕ್ಕೆ ಕಾರಣ ಎಂದು ಸೇನಾ ಸಚಿವರ ಮುಖಕ್ಕೇ ಹೇಳಿದರು. 1940ರ ಫೆಬ್ರವರಿಯಲ್ಲಿ ಚೀನಾ ಯುದ್ಧದ ಗುರಿ ಏನು, ಇದು ಎಲ್ಲಿಗೆ ಮುಗಿಯುತ್ತದೆ ಎಂದು ಮತ್ತೆ ಕೇಳಿದರು. ಭಾಷಣದ ದೊಡ್ಡ ಭಾಗವನ್ನು ಕಡತದಿಂದ ತೆಗೆದರು, ಅವರನ್ನು ಪಾರ್ಲಿಮೆಂಟಿನಿಂದಲೇ ಹೊರಹಾಕಿದರು. ಹೊರಹಾಕುವುದು ಬೇಡ ಎಂದು ಮತ ಹಾಕಿದವರು ಏಳೇ ಜನ. 1942ರ ಚುನಾವಣೆಯಲ್ಲಿ ಪ್ರಧಾನಿ ಟೋಜೊ ಸರ್ಕಾರದ ಬೆಂಬಲದ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಆಗ ಪರ್ಲ್ ಹಾರ್ಬರ್, ಸಿಂಗಾಪುರದ ಗೆಲುವುಗಳ ಅಮಲು ಇಡೀ ದೇಶಕ್ಕಿತ್ತು. ಆದರೂ ಅವರ ಕ್ಷೇತ್ರದ ಮತದಾರರು ಅವರನ್ನೇ ಎಲ್ಲರಿಗಿಂತ ಹೆಚ್ಚು ಮತ ಕೊಟ್ಟು ಗೆಲ್ಲಿಸಿ ಕಳಿಸಿದರು.

ಮಹಿಳಾ ಸಂಘಗಳ ಬಗ್ಗೆ, ಶಾಲಾ ಮಕ್ಕಳ ದೇಣಿಗೆಯಿಂದ ಕೊಂಡ ವಿಮಾನಗಳ ಬಗ್ಗೆ ಬಂದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ. ಬರೆಯುತ್ತಿರಿ.